ಕೆರೆಯ ಮೂಲೆಯ ಬಿಳಿ ಮಣ್ಣು

ಸುನಂದಾ ಮಾಡುವ ಬಟ್ಟಲುಗಳ ಮೇಲೆ ಚಿತ್ರ ಬರೆದಿರುವುದಿಲ್ಲ. ತೆಂಗಿನ ಗರಿಯ ಗೀರು, ಏರೋಪ್ಲೇನ್ ಚಿಟ್ಟೆಯ ರೆಕ್ಕೆಯ ಬಲೆ, ಬೇಸಿಗೆಯ ಕೆರೆಯಂಗಳದ ಬಿರುಕು ಎಲ್ಲವೂ ಅವುಗಳಲ್ಲಿ ಕಾಣುತ್ತವೆ, ಆದರೆ ಯಾವುದೂ ಬಳಿದದ್ದಲ್ಲ. ಮಣ್ಣೇ ಅಲ್ಲಿ ಬಣ್ಣ. ಕೆಂಪು ಮಣ್ಣಿನ ಹಾಳೆಯ ಮೇಲೆ ಹಳದಿ ಮಣ್ಣಿನದು, ಅದರ ಮೇಲೆ ಕಪ್ಪಿನದು, ನಡುನಡುವೆ ನೂಲೆಳೆಯಷ್ಟು ಬಿಳಿ. ಹೀಗೆ ಪೇರಿಸಿ, ಅಂಗೈಯಿಂದ ಒತ್ತಿ, ಸುರುಳಿ ಸುತ್ತಿ, ತಂತಿ ಹಿಡಿದು ಅಡ್ಡಕ್ಕೆ ಕೊಯ್ಯುತ್ತಾರೆ. ಕೊಯ್ದ ಬಿಲ್ಲೆಯ ಈ ಮುಖದಲ್ಲಿರುವ ಗೆರೆ ಆ ಮುಖದಲ್ಲೂ ಇರುತ್ತದೆ. ಬಿಲ್ಲೆಗಳನ್ನು ಜೋಡಿಸಿ ಬಟ್ಟಲು ಮಾಡಿ ಸುಟ್ಟ ಮೇಲೆ, ಎಂದಾದರೂ ಅದು ಕೈಜಾರಿ ಒಡೆದರೂ, ಚೂರಿನ ಅಂಚಿನಲ್ಲಿ ಆ ಗರಿಯೋ ರೆಕ್ಕೆಯೋ ಹಾಗೆಯೇ ಉಳಿದಿರುತ್ತದೆ.

ಶೆಟ್ಟಿಕೆರೆಯಿಂದ ಒಳದಾರಿ ಹಿಡಿದರೆ ಸಿಗುವ ಹೊನ್ನಕಟ್ಟೆಯಲ್ಲಿ ಅವರ ಮನೆ. ಮುಂದೆ ಜಗಲಿ, ಮೇಲೆ ಕಾಯಿ ತುಂಬಿದ ಅಟ್ಟ, ಹಿಂದೆ ಕೊಟ್ಟಿಗೆ, ಕೊಟ್ಟಿಗೆಯಾಚೆ ತೆಂಗಿನ ತೋಟ. ಗಂಡ ಪರಮೇಶ್ ತೋಟ ನೋಡಿಕೊಳ್ಳುವ ಜೊತೆಗೆ ಸುತ್ತಲಿನವರ ಕೊಬ್ಬರಿ ಕೊಂಡು ತಿಪಟೂರಿನ ಮಾರುಕಟ್ಟೆಗೆ ಹಾಕುತ್ತಾರೆ. ಮಾವ ಶಂಭುಲಿಂಗಯ್ಯ ಆ ತೋಟದ ಹೆಚ್ಚಿನ ಮರಗಳನ್ನು ಸಸಿಯಾಗಿ ನೆಟ್ಟವರು. ಸುನಂದಾ ಕೂರುವುದು ಕೊಟ್ಟಿಗೆಯ ಪಕ್ಕದ ಒಂದು ಇಳಿಮಾಡಿನಲ್ಲಿ. ಅಲ್ಲಿ ಒದ್ದೆ ಗೋಣಿ ಹೊದ್ದ ನಾಲ್ಕು ಬಾನಿಗಳಿವೆ, ನಾಲ್ಕು ಮಣ್ಣಿಗೆ.

ಕೆಂಪು ಮಣ್ಣು ತೋಟದ ಬದುವಿನದೇ. ಹಳದಿ ಮಣ್ಣು ಚಿಕ್ಕನಾಯಕನಹಳ್ಳಿಗೆ ಹೋಗುವ ರಸ್ತೆಯನ್ನು ಅಗಲ ಮಾಡುವಾಗ ಕಡಿದ ದಿಬ್ಬದ ಮೈಯಿಂದ. ಕಪ್ಪು ಇನ್ನೂ ಆಚೆಯದು. ಅಲ್ಲಿನ ಗುಡ್ಡಗಳ ಹೊಟ್ಟೆಯಲ್ಲಿ ಮ್ಯಾಂಗನೀಸ್ ಇದೆ. ಮಳೆ ಜೋರಾಗಿ ಹೊಡೆದ ಮರುದಿನ ಗುಡ್ಡದ ಬುಡದ ಹಳ್ಳದಲ್ಲಿ ಅದು ಕಾಡಿಗೆಯಂತೆ ಇಳಿದು ಕೂತಿರುತ್ತದೆ. ಪರಮೇಶ್ ಓಡಿಸುವ ಬೈಕಿನ ಹಿಂದೆ ಕೂತು, ಮೊಣಕಾಲ ಮೇಲೆ ಬಕೆಟ್ ಇಟ್ಟುಕೊಂಡು ಆ ಕಪ್ಪನ್ನು ತರುವಾಗ ಗುಡ್ಡವೇ ಕರಗಿ ತಮ್ಮ ಮಡಿಲಲ್ಲಿ ತುಳುಕುತ್ತಿದೆ ಅನ್ನಿಸುತ್ತದಂತೆ ಸುನಂದಾ ಅವರಿಗೆ.

ಬಿಳಿ ಮಣ್ಣು ಮಾತ್ರ ಒಂದೇ ಕಡೆ ಇತ್ತು. ಊರ ಕೆರೆಯ ಈಶಾನ್ಯದ ಮೂಲೆಯಲ್ಲಿ, ಹೂಳಿನ ಕೆಳಗೆ. ಹಿಂದೆ ಗೋಡೆಗೆ ಸಾರಿಸಲು ಊರಿನ ಹೆಂಗಸರು ಅಗೆಯುತ್ತಿದ್ದ ಜಾಗ. ಮನೆಗಳಿಗೆ ಡಿಸ್ಟೆಂಪರ್ ಬಂದ ಮೇಲೆ ಅದನ್ನು ಎಲ್ಲರೂ ಮರೆತಿದ್ದರು. ತೋರಿಸಿದವನು ನೀರುಗಂಟಿ ಉಗ್ರಪ್ಪ. ಕೆರೆಯ ತೂಬು ಎತ್ತುವುದು, ಇಳಿಸುವುದು ಅವನ ಮನೆತನದ ಕೆಲಸ. ಕೆರೆಯ ತಳ ಅವನಿಗೆ ತನ್ನ ಮನೆಯ ಹಿತ್ತಲಿದ್ದಂತೆ.

ಸುನಂದಾ ಅವರ ತವರು ತುರುವೇಕೆರೆ. ಅಪ್ಪನದು ಕೊಬ್ಬರಿ ಅಂಗಡಿ. ಸಂಜೆ ಶಾಲೆ ಮುಗಿಸಿ ಬಂದ ಹುಡುಗಿಗೆ ಕೊಬ್ಬರಿ ಆರಿಸಿ ಬೇರೆ ಬೇರೆ ಗುಡ್ಡೆ ಹಾಕುವ ಕೆಲಸ. ಬಿಳಿಯಲ್ಲೂ ಹಲವು ಬಿಳಿಗಳಿವೆ ಎಂದು ಗೊತ್ತಾದದ್ದು ಅಲ್ಲಿ. ಹಾಲಿನಂಥದ್ದು, ಎಣ್ಣೆ ಒಸರಿ ದೀಪದಂತಾದದ್ದು, ತೇವ ತಾಗಿ ನೀಲಿಗಟ್ಟಿದ್ದು. ಕೆಲಸ ಮುಗಿದರೆ ಚೀಲಗಳ ಮೇಲೆಯೇ ನಿದ್ದೆ. ಆ ನಿದ್ದೆಯಲ್ಲಿ ಬಿದ್ದ ಒಂದು ಕನಸು ಮದುವೆಯಾಗಿ ಈ ಊರಿಗೆ ಬಂದ ಮೇಲೂ ಅವರನ್ನು ಬಿಡಲಿಲ್ಲ. ಕನಸಿನಲ್ಲಿ ಅವರು ಒಂದು ತೆಂಗಿನಕಾಯಿಯ ಒಳಗೆ ನಡೆಯುತ್ತಿರುತ್ತಾರೆ. ಸುತ್ತ ಬಿಳಿ ಗೋಡೆ, ಆ ಗೋಡೆಗೆ ಮೂಲೆಯಿಲ್ಲ. ಪಾದ ಮುಳುಗುವಷ್ಟು ನೀರು. ಬೆಳಕು ಎಲ್ಲಿಂದಲೂ ಬರುತ್ತಿಲ್ಲ, ಆದರೆ ಇದೆ. ಚಿಪ್ಪಿನಾಚೆ ಯಾರೋ ಮಾತಾಡುವುದು ಕೇಳಿಸುತ್ತದೆ, ಆದರೆ ಮಾತು ತಿಳಿಯುವುದಿಲ್ಲ. ಎಷ್ಟು ನಡೆದರೂ ದಣಿವಿಲ್ಲ, ಎಲ್ಲಿಗೂ ತಲುಪಬೇಕಾಗಿಲ್ಲ.

ಮಣ್ಣಿನ ಕೆಲಸ ಕಲಿತದ್ದು ತಿಪಟೂರಿನಲ್ಲಿ. ಮಗಳ ಪಿಯುಸಿಗೆಂದು ಅಲ್ಲಿ ಬಾಡಿಗೆ ಮನೆ ಹಿಡಿದಾಗ ಪಕ್ಕದ ಮನೆಯಲ್ಲಿದ್ದವರು ಚಿತ್ರಕಲೆಯ ಟೀಚರ್ ಮೋನಿಕಾ. ಅವರ ಹಿಂಬದಿಯ ಕೋಣೆಯಲ್ಲಿ ಕರೆಂಟಿನಿಂದ ಕಾಯುವ ಒಂದು ಸುಡುಗೂಡಿತ್ತು. ಮಗಳನ್ನು ಕಾಲೇಜಿಗೆ ಕಳಿಸಿ ಬೇಸರಕ್ಕೆ ಅಲ್ಲಿ ಹೋಗಿ ಕೂತ ಸುನಂದಾ, ಮಗಳು ಓದಿಗೆ ತುಮಕೂರಿಗೆ ಹೋದ ಮೇಲೂ ಅಲ್ಲಿಗೆ ಹೋಗುವುದನ್ನು ಬಿಡಲಿಲ್ಲ. ಹೊನ್ನಕಟ್ಟೆಯಲ್ಲಿ ಮಾಡಿ, ಒಣಗಿಸಿ, ಹಳೆಯ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಿಪಟೂರಿಗೆ ಒಯ್ದು ಸುಡುವುದು ರೂಢಿಯಾಯಿತು.

ಅಂಗಡಿಯಲ್ಲಿ ಸಿಗುವ ಬಿಳಿ ಮಣ್ಣನ್ನು ಮೋನಿಕಾ ತರಿಸಿಕೊಟ್ಟಿದ್ದುಂಟು. ಸುಣ್ಣಕ್ಕಿಂತ ಬಿಳಿ. ಆದರೆ ಒಣಗುವಾಗ ಅದು ಕುಗ್ಗುವ ರೀತಿಯೇ ಬೇರೆ. ಕೆಂಪು ಮಣ್ಣು ಒಂದು ಕಡೆ ಎಳೆದರೆ ಅದು ಇನ್ನೊಂದು ಕಡೆ ಎಳೆದು, ಕೂಡಿದ ಜಾಗದಲ್ಲಿ ಬಾಯಿ ಬಿಡುತ್ತಿತ್ತು. ಕೆರೆಯ ಬಿಳಿ ಹಾಗಲ್ಲ. ಒಂದೇ ನೀರು ಕುಡಿದು ಬೆಳೆದ ಮಣ್ಣುಗಳಂತೆ ಕೆಂಪು, ಹಳದಿ, ಕಪ್ಪಿನ ಜೊತೆ ಅದು ಹೊಂದಿಕೊಂಡು ಕುಗ್ಗುತ್ತಿತ್ತು. ಬಿಳಿ ಇಲ್ಲದಿದ್ದರೆ ಉಳಿದ ಮೂರೂ ಒಂದನ್ನೊಂದು ನುಂಗಿಬಿಡುತ್ತವೆ. ಗರಿ ಗರಿಯಾಗಿ ಕಾಣುವುದು ಗರಿಗಳ ನಡುವಿನ ಬೆಳಕಿನಿಂದ. ಆ ಬೆಳಕು ಕೆರೆಯ ಮೂಲೆಯ ಈ ಮಣ್ಣು.

ಕನಸಿನ ಕಾಯಿಯನ್ನು ಮಾಡಬೇಕೆಂಬ ಆಸೆ ಹುಟ್ಟಿದ ಮೇಲಂತೂ ಸುನಂದಾ ಅವರಿಗೆ ಆ ಮಣ್ಣಿನ ಹೊರತು ಬೇರೆ ಯೋಚನೆ ಇರಲಿಲ್ಲ. ಹೊರಗೆ ನಾರಿನಂಥ ಹಳದಿ ಕೆಂಪು, ಅದರೊಳಗೆ ಚಿಪ್ಪಿನ ಕಪ್ಪು, ಎಲ್ಲದರೊಳಗೆ ದಪ್ಪನೆಯ ಬಿಳಿ. ಎರಡೂ ಕೈ ಸೇರಿಸಿ ಹಿಡಿಯಬೇಕಾದಷ್ಟು ದೊಡ್ಡ ಬಟ್ಟಲು. ಅದರೊಳಗೆ ಮುಖವಿಟ್ಟರೆ ಗೋಡೆಗೆ ಮೂಲೆ ಕಾಣಬಾರದು.

ಆ ವರ್ಷವೇ ಊರಿಗೆ ಹೇಮಾವತಿಯ ನೀರು ಬರುವ ಸುದ್ದಿ ಖಚಿತವಾಯಿತು. ಪೈಪು ಹೂತಾಗಿತ್ತು, ಪಂಪು ಕೂರಿಸಿದ್ದರು. ಬಹಳ ಕಾಲ ಬರಿದಾಗಿದ್ದ ಕೆರೆ ಈ ಮಳೆಗಾಲದಲ್ಲಿ ತುಂಬುತ್ತದೆ ಎಂದು ಜಗಲಿ ಜಗಲಿಯಲ್ಲೂ ಮಾತು. ಜನ ಸಂಜೆ ಕೆರೆಯ ಏರಿಯ ಮೇಲೆ ಹೋಗಿ ನಿಂತು, ಇನ್ನೂ ಬಾರದ ನೀರನ್ನು ನೋಡಿ ಬರುತ್ತಿದ್ದರು. ಸುನಂದಾ ಕೂಡ ಹೋಗುತ್ತಿದ್ದರು. ಇಷ್ಟು ಜನರ ನಡುವೆ ತಾನೊಬ್ಬಳೇ ನೀರು ಸ್ವಲ್ಪ ತಡವಾಗಲಿ ಎಂದುಕೊಳ್ಳುತ್ತಿದ್ದೇನೆ ಎಂಬುದು ಅವರಿಗೆ ಗೊತ್ತಿತ್ತು. ತೆಂಗಿನ ಸೀಮೆಯಲ್ಲಿ ಹಾಗೆ ಬಾಯಿಬಿಟ್ಟು ಹೇಳುವಂತಿಲ್ಲ.

"ಏನ್ರೀ, ನೀರು ಬರೋದ್ರೊಳಗೆ ಒಂದು ಟ್ರೈಲರ್ ಬಿಳಿ ಮಣ್ಣು ಹಾಕ್ಸಿಕೊಡ್ರೀ," ಎಂದು ಗಂಡನನ್ನು ಕೇಳಿದರು.

"ಒಂದ್ ಟ್ರೈಲರ್ರಾ? ಏನೇ, ಊರಿಗೆಲ್ಲ ಬಟ್ಲು ಹಂಚ್ತೀಯಾ?"

"ಸಾಯೋಗಂಟ ಬೇಕಲ್ಲ ನಂಗೆ."

ಪರಮೇಶ್ ನಕ್ಕು ಟ್ರಾಕ್ಟರ್ ಗೊತ್ತು ಮಾಡಿದರು. ಉಗ್ರಪ್ಪ ಜಾಗ ತೋರಿಸಿದ. ಮೇಲಿನ ಹೂಳನ್ನು ಸರಿಸಿದರೆ, ಬೆಣ್ಣೆ ತೆಗೆದ ಹಾಗೆ ಗುದ್ದಲಿಯ ಬಾಯಿಗೆ ಬಿಳಿ ಮಣ್ಣು ಮೆತ್ತಿಕೊಂಡು ಬಂತು. ಅದನ್ನು ತಂದು ಕೊಟ್ಟಿಗೆಯ ಪಕ್ಕ ಸುರಿದು ತೆಂಗಿನ ಗರಿ ಮುಚ್ಚಿದರು. ಅಂದಿನ ಸಂಜೆ ಸುನಂದಾ ಆ ರಾಶಿಯ ಪಕ್ಕ ಸುಮ್ಮನೆ ಕೂತಿದ್ದರು. ಗರಿಗಳ ಸಂದಿಯಿಂದ ಅದು ಮಬ್ಬಿನಲ್ಲೂ ಕಾಣುತ್ತಿತ್ತು. ಚಂದ್ರನನ್ನು ಕೊಟ್ಟಿಗೆಯ ಮಗ್ಗುಲಲ್ಲಿ ಕಟ್ಟಿಹಾಕಿದಂತೆ.

ಮುಂದಿನ ವಾರ ತುರುವೇಕೆರೆಯಿಂದ ಫೋನು ಬಂತು. ಅಮ್ಮ ಕಾಲು ಉಳುಕಿಸಿಕೊಂಡಿದ್ದಾರೆ, ಕೆಲವು ದಿನ ಜೊತೆಗಿರಲು ಬಾ ಎಂದು. ಸುನಂದಾ ಹೋದರು. ಪರಮೇಶ್ ಕೂಡ ಕೊಬ್ಬರಿಯ ಓಡಾಟದಲ್ಲಿ ತಿಪಟೂರಿನಲ್ಲೇ ಉಳಿದುಕೊಂಡಿದ್ದರು. ಅದೇ ದಿನಗಳಲ್ಲಿ ಕೆರೆಗೆ ನೀರು ಬಂತು.

ಹಿಂದಿರುಗುವಾಗ ಬಸ್ಸು ಏರಿಯ ಮೇಲೆ ಬರುತ್ತಿದ್ದಂತೆ ಸುನಂದಾ ಎದ್ದು ನಿಂತು ನೋಡಿದರು. ಕೆರೆಯಂಗಳವಿದ್ದ ಕಡೆ ಆಕಾಶವಿತ್ತು. ಜಾಲಿ ಗಿಡಗಳು ಸೊಂಟದವರೆಗೆ ನೀರಿನಲ್ಲಿದ್ದವು, ಅವುಗಳ ಮೇಲೆ ಎಲ್ಲಿಂದಲೋ ಬಂದ ನೀರುಕಾಗೆಗಳು ರೆಕ್ಕೆ ಬಿಚ್ಚಿ ಕೂತಿದ್ದವು. ಈಶಾನ್ಯದ ಮೂಲೆ ಎಲ್ಲಿತ್ತು ಎಂದೇ ತಿಳಿಯಲಿಲ್ಲ. ಪಕ್ಕದ ಸೀಟಿನ ಹೆಂಗಸು ಕೈಮುಗಿದಳು, ಸುನಂದಾ ಕೂಡ ಮುಗಿದರು. ಮನೆಯಲ್ಲಿ ಮಣ್ಣಿದೆಯಲ್ಲ ಎಂಬ ಧೈರ್ಯದಿಂದ ಆ ಹೊತ್ತು ಅವರಿಗೆ ನೀರು ಬಂದ ಸಂತೋಷ ಪೂರ್ತಿಯಾಗಿಯೇ ಆಯಿತು.

ಕೊಟ್ಟಿಗೆಯ ಪಕ್ಕ ರಾಶಿ ಇರಲಿಲ್ಲ. ಗರಿಗಳನ್ನು ಒಪ್ಪವಾಗಿ ಒಂದರ ಮೇಲೊಂದು ಪೇರಿಸಿ ಇಡಲಾಗಿತ್ತು. ಆಚೆ ತೋಟದಲ್ಲಿ, ಸಾಲು ಹಿಡಿದು ನಿಂತ ತೆಂಗಿನ ಮರಗಳ ಬುಡಕ್ಕೆಲ್ಲ ಬೆಳ್ಳಿಯ ಕಡಗ ತೊಡಿಸಿದಂತೆ ಬಿಳಿ ಮಣ್ಣು ಹರಡಿತ್ತು. ನಡುವೆ ಪಂಚೆ ಎತ್ತಿ ಕಟ್ಟಿದ ಶಂಭುಲಿಂಗಯ್ಯ, ಮೊಣಕಾಲವರೆಗೆ ಬೆಳ್ಳಗಾಗಿ, ನಗುತ್ತಾ ನಿಂತಿದ್ದರು.

"ಬಂದ್ಯೇನವ್ವಾ? ನೋಡು, ಒಂದ್ ಮರಾನೂ ಬುಟ್ಟಿಲ್ಲ. ಉಪ್ಪು, ಗೊಬ್ಬರ ಎಲ್ಲ ಹಾಕಿ ಮೇಲೆ ನಿನ್ ಗೋಡು ಹೊಡ್ಸಿದೀನಿ."

ಕೆರೆಯ ಗೋಡನ್ನು, ಅಂದರೆ ತಳದ ಮಣ್ಣನ್ನು, ತಂದು ತೆಂಗಿನ ಪಾತಿಗೆ ಹರಡುವುದು ಆ ಸೀಮೆಯ ಹಳೆಯ ಪದ್ಧತಿ. ನೀರು ಬರುವ ಮೊದಲು ಯಾರ ಮನೆಗಾದರೂ ಕೆರೆಯಿಂದ ಮಣ್ಣಿನ ಟ್ರೈಲರ್ ಬಂದರೆ ಅದು ಯಾತಕ್ಕೆ ಎಂದು ಯಾರೂ ಕೇಳುವುದಿಲ್ಲ. ಸೊಸೆ ಮಣ್ಣಿನಲ್ಲಿ ಏನೋ ಮಾಡುತ್ತಾಳೆಂದು ಶಂಭುಲಿಂಗಯ್ಯನವರಿಗೆ ಗೊತ್ತಿತ್ತು. ಅದಕ್ಕೆ ಬಕೆಟ್ಟಿನಲ್ಲಿ, ಬುಟ್ಟಿಯಲ್ಲಿ ಮಣ್ಣು ಬರುವುದನ್ನು ನೋಡಿದ್ದರು. ಟ್ರೈಲರ್ ತುಂಬ ಬಂದ ಮಣ್ಣು ಮರದ್ದು. ಅದರಲ್ಲಿ ಅನುಮಾನಕ್ಕೆ ಜಾಗವೇ ಇರಲಿಲ್ಲ.

ಇನ್ನೊಂದು ಸಂಗತಿಯೂ ಇತ್ತು. ಹೆಂಡತಿ ತೀರಿಕೊಂಡ ಮೇಲೆ ಶಂಭುಲಿಂಗಯ್ಯ ತೋಟಕ್ಕೆ ಕಾಲಿಟ್ಟಿರಲಿಲ್ಲ. ಜಗಲಿಯ ಕಂಬಕ್ಕೆ ಒರಗಿದರೆ ಊಟಕ್ಕೆ ಕರೆದಾಗ ಎದ್ದರು, ಇಲ್ಲದಿದ್ದರೆ ಇಲ್ಲ. ಈಗ ಆಳು ಕರೆಸಿ, ತಾವೂ ಗುದ್ದಲಿ ಹಿಡಿದಿದ್ದರು. ಮುಖದಲ್ಲಿ ಬಣ್ಣ ಬಂದಿತ್ತು.

"ಅಂಗಡಿ ಹತ್ರ ಎಲ್ರಿಗೂ ಹೇಳ್ದೆ ಕಣವ್ವ. ನನ್ ಮಗ ಬರೀ ಕೊಬ್ರಿ ವ್ಯಾಪಾರ ಅಂತ ಓಡಾಡ್ತನೆ, ಮರದ ಮೇಲೆ ಕರುಳಿರೋದು ಸೊಸೆಗೇ ಅಂತ."

ಸುನಂದಾ ಒಂದು ಪಾತಿಯ ಹತ್ತಿರ ಕೂತು ಮಣ್ಣನ್ನು ಮುಟ್ಟಿದರು. ಸಗಣಿ, ಉಪ್ಪು, ತರಗು ಎಲ್ಲ ಅದಕ್ಕೆ ಸೇರಿತ್ತು.

"ಒಳ್ಳೇದಾಯ್ತು ಬುಡಿ ಮಾವ," ಎಂದರು.

ಪರಮೇಶ್ ಬಂದಾಗ ಎಲ್ಲ ಒಂದೇ ನೋಟಕ್ಕೆ ತಿಳಿಯಿತು. ಅಪ್ಪನ ಹತ್ತಿರ ಮಾತಾಡುತ್ತೇನೆ ಎಂದು ಹೊರಟವರನ್ನು ಸುನಂದಾ ತೋಳು ಹಿಡಿದು ನಿಲ್ಲಿಸಿದರು. "ಹೇಳ್ಬೇಡ್ರೀ. ಮತ್ತೆ ಹೋಗಿ ಕಂಬಕ್ಕೆ ಒರಗ್ಬುಡ್ತಾರೆ."

ನಂತರದ ತಿಂಗಳುಗಳಲ್ಲಿ ಅವರು ಮೂರೇ ಮಣ್ಣಿನಲ್ಲಿ ಕೆಲಸ ಮಾಡಿದರು. ಬಟ್ಟಲುಗಳು ಮಬ್ಬಾದವು. ಸೂರ್ಯ ಮುಳುಗಿದ ಮೇಲೆ ಗುಡ್ಡ, ತೋಟ, ದಾರಿ ಎಲ್ಲ ಒಂದರೊಳಗೊಂದು ಸೇರಿಹೋಗುವ ಹೊತ್ತಿರುತ್ತದಲ್ಲ, ಆ ಹೊತ್ತಿನ ಬಣ್ಣ ಅವಕ್ಕೆ. ರೆಕ್ಕೆ ಮಾಡಲು ಹೊರಟರೆ ಅದು ನೆರಳಾಗುತ್ತಿತ್ತು, ಗರಿ ಹೊಗೆಯಾಗುತ್ತಿತ್ತು. ಸುಡುಗೂಡಿನಿಂದ ಅವನ್ನು ಎತ್ತುವಾಗ ಮೋನಿಕಾ, "ಇವೂ ಚೆನ್ನಾಗಿವೆ ಕಣ್ರೀ, ಬೇರೆ ಥರ ಇವೆ" ಎನ್ನುತ್ತಿದ್ದರು. ಒಮ್ಮೆ ಮಾತ್ರ ಸುಮ್ಮನಿರಲಾಗದೆ, "ಸುನಂದಾ, ನೀವು ಕಣ್ಣು ಮುಚ್ಕೊಂಡು ಮಾಡ್ತಿದೀರೇನೋ ಅನ್ಸುತ್ತೆ" ಎಂದರು.

ಕನಸೂ ಬದಲಾಗಿತ್ತು. ಕಾಯಿಯ ಒಳಗೆ ನಡೆಯುತ್ತಿದ್ದಂತೆ ನೀರು ಮೊಣಕಾಲಿಗೆ, ಸೊಂಟಕ್ಕೆ ಬರುತ್ತಿತ್ತು. ಬಿಳಿ ಗೋಡೆ ನೀರಿನ ಕೆಳಗೆ ಇಳಿಯುತ್ತಾ ದೂರವಾಗುತ್ತಿತ್ತು. ಭಯವೇನೂ ಆಗುತ್ತಿರಲಿಲ್ಲ. ಗೋಡೆಯನ್ನು ಇನ್ನೊಮ್ಮೆ ಮುಟ್ಟಬೇಕೆನ್ನಿಸುತ್ತಿತ್ತು, ಅಷ್ಟೇ.

ಊರು ಮಾತ್ರ ಬೇರೆಯೇ ಆಗಿತ್ತು. ಬತ್ತಿದ್ದ ಬೋರ್‌ವೆಲ್‌ಗಳಲ್ಲಿ ನೀರು ಏರಿತು. ಕೆರೆಯ ನೀರನ್ನು ಗದ್ದೆಗೆ ಬಿಡುವುದು ಬೇಡ, ಬೇಸಿಗೆ ಕಳೆಯುವವರೆಗೆ ತೂಬು ಎತ್ತಬಾರದು, ಅಂತರ್ಜಲ ಉಳಿಯಲಿ ಎಂದು ಊರವರೆಲ್ಲ ಕೂತು ತೀರ್ಮಾನ ಮಾಡಿದರು. ಶಂಭುಲಿಂಗಯ್ಯ ದಿನವೂ ತೋಟಕ್ಕೆ ಹೋಗತೊಡಗಿದರು. ಹೋಗುವಾಗ ಒಂದೊಂದು ಮರವನ್ನೂ ಅಂಗೈಯಿಂದ ಸವರಿಕೊಂಡು ಹೋಗುವರು.

ಯುಗಾದಿಯ ಹೊತ್ತಿಗೆ ಕೆರೆ ತಾನಾಗಿಯೇ ಸ್ವಲ್ಪ ಇಳಿಯಿತು. ಸುನಂದಾ ಸಂಜೆ ಏರಿಯ ಮೇಲೆ ಹೋಗಿ ನಿಲ್ಲುವುದು ಮತ್ತೆ ಶುರುವಾಯಿತು. ನೀರು ಅಲುಗದೆ ನಿಂತ ಸಂಜೆಗಳಲ್ಲಿ ಈಶಾನ್ಯದ ಮೂಲೆಯ ತಳದಲ್ಲಿ ಒಂದು ಮಸುಕು ಬೆಳ್ಳಗೆ ಕಾಣುತ್ತಿತ್ತು. ಕಂಡಿತು ಎನ್ನುವಷ್ಟರಲ್ಲಿ ಗಾಳಿ ಬೀಸಿ ಅಳಿಸಿಹೋಗುತ್ತಿತ್ತು. ನಿಜವಾಗಿ ಕಂಡದ್ದೋ, ಕಣ್ಣೇ ತಂದು ಅಲ್ಲಿಟ್ಟದ್ದೋ ಎಂದು ಹೇಳಲಾಗದು.

ಅಂಥ ಒಂದು ಸಂಜೆ ತೂಬಿನ ಕಲ್ಲಿನ ಮೇಲೆ ಕೂತು ಬೀಡಿ ಸೇದುತ್ತಿದ್ದ ಉಗ್ರಪ್ಪ ಅವರನ್ನು ನೋಡಿ ಎದ್ದ.

"ಏನ್ ಸುನಂದಕ್ಕ, ದಿನಾ ಬಂದು ಕೆರೇನ ದೃಷ್ಟಿಸಿ ನೋಡ್ತೀರಿ? ಬತ್ತಿಗಿತ್ತೋದಾತು!"

ಸುನಂದಾ ಬೆಚ್ಚಿಬಿದ್ದರು. ಉಗ್ರಪ್ಪ ನಕ್ಕ. "ಗೊತ್ತು ಬುಡಿ. ಆ ಮೂಲೆ ತಾನೇ? ನಿಮ್ ಮಾವ ಮಣ್ಣೆಲ್ಲ ಮರಕ್ಕೆ ಸುರ್ದಿದ್ದು ನಂಗೊತ್ತಿಲ್ವಾ? ಇನ್ನೊಂದ್ ಮೊಳ ಇಳಿದ್ರೆ ಸಾಕು, ಮೂಲೆ ಹೊರಗ್ ಬತ್ತದೆ."

"ಇಳಿಯಲ್ಲ ಕಣ್ ಉಗ್ರಪ್ಪ. ಇಳಿಯೋದ್ರೊಳಗೆ ಮತ್ತೆ ನೀರು ಬಿಡ್ತಾರೆ."

"ನಾನಿಲ್ವಾ? ತೂಬು ಒಂಚೂರು ಎತ್ತಿಬುಡ್ತೀನಿ. ಕಲ್ಲು ಸವ್ದೈತೆ, ಸೋರ್ಕೊಂಡೋಯ್ತು ಅಂದ್ರೆ ಆಯ್ತು. ಯಾರು ಇಳ್ದು ನೋಡ್ತಾರೆ? ನಿಮ್ಗೆ ಬೇಕಾದಷ್ಟು ತಗೊಳ್ಳಿ, ಆಮೇಲ್ ಮುಚ್ಬುಡ್ತೀನಿ."

ಅವನು ಹೇಳುತ್ತಿರುವುದು ಸುಳ್ಳಲ್ಲ, ಮಾಡಬಲ್ಲ ಎಂದು ಅವರಿಗೆ ಗೊತ್ತಿತ್ತು. ಬೇಡ ಎನ್ನಲು ಬಾಯಿ ತೆರೆದರು. ಬಂದ ಮಾತು ಬೇರೆ.

"ನಾಳೆ ಹೇಳ್ತೀನಿ."

ಮನೆಗೆ ನಡೆದು ಬರುವಾಗ ದಾರಿಯುದ್ದಕ್ಕೂ ಆ ಬಟ್ಟಲು ಅವರ ಮುಂದೆ ಮುಂದೆ ತೇಲುತ್ತಾ ಬಂತು. ಹೊರಗಿನ ನಾರು, ಚಿಪ್ಪಿನ ಕಪ್ಪು, ಒಳಗಿನ ಬಿಳಿ. ಅದರ ತೂಕ ಕೈಗೆ ಗೊತ್ತಾಗುವಷ್ಟು ಹತ್ತಿರ. ಪಕ್ಕದ ತೋಟಗಳಲ್ಲಿ ಡ್ರಿಪ್ಪಿನ ನೀರು ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು. ಕಳೆದ ವರ್ಷ ಇದೇ ಹೊತ್ತಿನಲ್ಲಿ ಈ ದಾರಿಯಲ್ಲಿ ಆ ಸದ್ದು ಇರಲಿಲ್ಲ.

ಬೆಳಿಗ್ಗೆ ಶಂಭುಲಿಂಗಯ್ಯ ತೋಟದಿಂದಲೇ ಕೂಗಿದರು. ಸುನಂದಾ ಹೋದಾಗ ಅವರು ಬಾವಿಯ ಹತ್ತಿರದ ಮರದ ಕೆಳಗೆ ತಲೆಯೆತ್ತಿ ನಿಂತಿದ್ದರು. ಮರದ ಸುಳಿ ಬಾಗಿ ಜೋತುಬಿದ್ದಿತ್ತು. ಕೆಂಪುಮೂತಿ ಹುಳು ಒಳಗೊಳಗೇ ತಿಂದು ಮುಗಿಸಿತ್ತು. ಸುಳಿ ಬಿದ್ದ ತೆಂಗು ಮತ್ತೆ ಬದುಕುವುದಿಲ್ಲ.

"ಇಷ್ಟು ಮಾಡಿದ್ರೂ ಹೋಯ್ತಲ್ಲವ್ವ," ಎಂದರು ಶಂಭುಲಿಂಗಯ್ಯ. ಆಮೇಲೆ ಸಾಲಿನ ಕಡೆ ಕೈ ತೋರಿಸಿದರು. "ಉಳಿದವು ಮಾತ್ರ ಹೆಂಗವೆ ನೋಡು. ಹೊಂಬಾಳೆ ಎಷ್ಟು ಬಿಟ್ಟವೆ! ಎಲ್ಲ ಆ ಬಿಳಿ ಗೋಡಿಂದು. ಕೆರೆ ಇನ್ನೊಂದೀಟು ಇಳಿದ್ರೆ ಇನ್ನೊಂದ್ ಲೋಡ್ ಹೊಡ್ಸನ. ಬಾವಿ ಹಿಂದಿನ ಸಾಲಿಗೆ ಕಮ್ಮಿ ಆಗೈತೆ."

ಕೆರೆ ಇಳಿಯಲಿ ಎಂದು ತಾವು ರಾತ್ರಿಯಿಡೀ ಯೋಚಿಸಿದ್ದನ್ನೇ ಮಾವ ಇಷ್ಟು ಸಲೀಸಾಗಿ, ಮರಗಳ ಕಾರಣಕ್ಕೆ, ಬಾಯಿಬಿಟ್ಟು ಹೇಳಿದ್ದನ್ನು ಸುನಂದಾ ಕೇಳಿದರು. ಇನ್ನೊಬ್ಬರ ಬಾಯಲ್ಲಿ ಅದು ಹೇಗೆ ಕೇಳಿಸುತ್ತದೆಂದು ಅವರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ಕೆರೆ ಇಳಿಯೋದು ಬ್ಯಾಡ ಮಾವ."

"ಯಾಕವ್ವ? ಮಣ್ಣು ನೀನೇ ತರ್ಸಿದ್ದಲ್ಲ?"

"ಅದು ಮರಕ್ಕೆ ತರ್ಸಿದ್ದಲ್ಲ ಮಾವ. ನನ್ ಬಟ್ಲಿಗೆ ತರ್ಸಿದ್ದು."

ಶಂಭುಲಿಂಗಯ್ಯ ಮೊದಲು ನಗಲು ಹೋದರು. ಸೊಸೆಯ ಮುಖ ನೋಡಿ ನಗು ನಿಂತಿತು. ತೋಟದ ಸಾಲಿನ ಮೇಲೆ ಒಮ್ಮೆ ಕಣ್ಣಾಡಿಸಿದರು, ಒಂದೊಂದು ಪಾತಿಯನ್ನೂ ಹೊಸದಾಗಿ ನೋಡುವವರಂತೆ.

"ಟ್ರೈಲರ್ ತುಂಬಾನಾ?"

"ಹೂಂ ಮಾವ."

"ಊರಿಗೆಲ್ಲ ಹೇಳ್ಕೊಂಡ್ ಬಂದ್ನಲ್ಲೇ ನಾನು!"

"ಅದಕ್ಕೇ ಹೇಳ್ಲಿಲ್ಲ."

"ಬಾಯಿ ಏನ್ ಅಟ್ಟದ ಮ್ಯಾಲೆ ಒಣಾಕಿದ್ಯಾ? ಅವತ್ತೇ ಅಂದಿದ್ರೆ ಅಲ್ಲೇ ಬಾಚಿ ಕೊಡ್ತಿದ್ನಲ್ಲ!" ಶಂಭುಲಿಂಗಯ್ಯನವರಿಗೆ ಕೋಪ ಬಂದಿತ್ತು. ಯಾರ ಮೇಲೆಂದು ಅವರಿಗೂ ತಿಳಿಯದಂಥ ಕೋಪ. ಬಾವಿಯ ಕಟ್ಟೆಯ ಮೇಲೆ ಕೂತರು. ಮೇಲೆ ಗರಿಗಳು ಒಂದಕ್ಕೊಂದು ಉಜ್ಜಿಕೊಳ್ಳುತ್ತಿದ್ದವು.

"ನೋಡವ್ವ," ಎಂದರು ಕೊನೆಗೆ. "ಮರಕ್ಕೆ ಹಾಕಿದ್ದು ಮರದ್ದು. ಬೇರು ಬಂದು ಹಿಡ್ಕೊಂಡದೆ. ಅದನ್ನ ಕೀಳಕ್ಕೆ ನನ್ ಕೈ ಬರಲ್ಲ. ನೀನೂ ಕೇಳ್ಬ್ಯಾಡ."

"ಕೇಳಲ್ಲ ಮಾವ."

ಅವರು ಎದ್ದು, ಸುಳಿ ಬಿದ್ದ ಮರದ ಬುಡಕ್ಕೆ ಹೋದರು. ಕಾಂಡದ ಮೇಲೆ ಅಂಗೈ ಇಟ್ಟು ನಿಂತರು. ಅವರ ಮದುವೆಯ ವರ್ಷ ನೆಟ್ಟದ್ದು ಅದು.

"ಇದಕ್ಕಿನ್ನೇನೂ ಬೇಕಾಗಿಲ್ಲ," ಎಂದರು. "ಗುದ್ದಲಿ ತಾ."

ಆ ಪಾತಿಯನ್ನು ಗೋಡು ಹೊಡೆಸಿದ ಮೇಲೆ ಯಾರೂ ಕೆದಕಿರಲಿಲ್ಲ. ಮೇಲಿನ ತರಗು ಸರಿಸಿ ಶಂಭುಲಿಂಗಯ್ಯ ಹುಷಾರಾಗಿ ಬಾಚತೊಡಗಿದರು. ಸುನಂದಾ ಹೇಳುವುದನ್ನೂ ಕಾಯದೆ, ಕೆಂಪು ಸೇರಿದ್ದನ್ನು ಒಂದು ಕಡೆ, ಬಿಳಿ ಉಳಿದದ್ದನ್ನು ಒಂದು ಕಡೆ ಹಾಕಿದರು. ಬಿಳಿ ಒಂದು ಮಂಕರಿ ಬುಟ್ಟಿಯಷ್ಟಾಯಿತು. ಅದರ ತುಂಬ ಮರದ ಬೇರುಗಳಿದ್ದವು, ಹೊಲಿಗೆಯ ದಾರದಷ್ಟು ಸಣ್ಣವು.

ಮಧ್ಯಾಹ್ನ ಸುನಂದಾ ತೂಬಿನ ಹತ್ತಿರ ಹೋಗಿ ಉಗ್ರಪ್ಪನಿಗೆ ಹೇಳಿದರು. "ಎತ್ಬ್ಯಾಡ ಕಣಪ್ಪ."

"ಯಾಕಕ್ಕ, ಮಣ್ಣು ಸಿಕ್ತಾ?"

"ಒಂದ್ ಮರದಷ್ಟು ಸಿಕ್ತು."

"ಅಷ್ಟ್ರಲ್ಲಿ ಏನಾಯ್ತದೆ?"

"ಒಂದೇ ಬಟ್ಲಾಗೋದು."

ಮಣ್ಣನ್ನು ಬಾನಿಯಲ್ಲಿ ನೆನೆಹಾಕಿ, ಮೇಲಿನ ನೀರು ಬಸಿದು, ಮತ್ತೆ ನೆನೆಹಾಕಿ ಉಪ್ಪು ಬಿಡಿಸಿದರು. ಪ್ರತಿ ಸಲ ಬಸಿದ ನೀರನ್ನು ನಾಲಿಗೆಗೆ ಮುಟ್ಟಿಸಿ ನೋಡಿದರು. ಸಗಣಿಯ ವಾಸನೆ ಹೋಗಲು ಹೆಚ್ಚು ಸಮಯ ಹಿಡಿಯಿತು. ದಪ್ಪ ಬೇರುಗಳನ್ನು ಆರಿಸಿ ತೆಗೆದರು. ಕೂದಲಿನಂಥ ಬೇರುಗಳನ್ನು ಬಟ್ಟೆಯಲ್ಲಿ ಸೋಸಿ ತೆಗೆಯಬಹುದಿತ್ತು. ಬಟ್ಟೆ ಕಟ್ಟಿದ ಬಾನಿಯ ಮುಂದೆ ಕೂತವರು, ಯೋಚಿಸಿ, ಬಟ್ಟೆ ಬಿಚ್ಚಿಬಿಟ್ಟರು. ಬೇರುಗಳು ಒಳಗೇ ಇರಲಿ. ಮಣ್ಣು ಮೊದಲಿನಷ್ಟು ಬಿಳಿಯಾಗಲಿಲ್ಲ. ತೋಟದ ಕೆಂಪು ಎಲ್ಲೋ ಸೇರಿ, ಎಳೆಯ ಮಗುವಿನ ಅಂಗಾಲಿನ ಬಣ್ಣ ಬಂದಿತ್ತು. ಅಪ್ಪನ ಅಂಗಡಿಯಲ್ಲಿ ಆರಿಸಿದ ಯಾವ ಬಿಳಿಯ ಗುಡ್ಡೆಗೂ ಸೇರದ ಬಿಳಿ.

ಬಟ್ಟಲು ಮಾಡಿದ ದಿನಗಳಲ್ಲಿ ಶಂಭುಲಿಂಗಯ್ಯ ಇಳಿಮಾಡಿನ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತಿರುತ್ತಿದ್ದರು. ಹಳದಿ ಕೆಂಪಿನ ಹಾಳೆಗಳು ಕೂಡಿ ನಾರಾಗುವುದನ್ನು, ಕಪ್ಪು ಅದರೊಳಗೆ ಚಿಪ್ಪಾಗಿ ಕೂರುವುದನ್ನು ನೋಡಿದರು. "ಥೇಟ್ ನಮ್ ಕಾಯಿ ಕಣವ್ವ. ಇದನ್ನ ಸುಲಿಯೋರ್ ಯಾರು?" ಎಂದು ನಕ್ಕರು. ಬಿಳಿಯನ್ನು ಒಳಗೆ ಮೆತ್ತುವ ಹೊತ್ತಿಗೆ ಮಣೆಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. ಸುನಂದಾ ಹೆಬ್ಬೆರಳಿನಿಂದ ಒತ್ತುತ್ತಾ, ತಿರುಗಿಸುತ್ತಾ, ಒತ್ತುತ್ತಾ ಹೋದರು. ಹೊರಗಿನ ಸದ್ದುಗಳು ದೂರವಾದವು. ಮೂಲೆಯಿಲ್ಲದ ಗೋಡೆಯ ಉದ್ದಕ್ಕೆ ಬೆರಳುಗಳು ನಡೆದವು, ಯಾವ ಅವಸರವೂ ಇಲ್ಲದೆ. ಎಲ್ಲಿ ನಿಲ್ಲಿಸಬೇಕೆಂದು ಅವರಿಗೆ ಹೊಳೆಯಲಿಲ್ಲ. ಮಣ್ಣು ಮುಗಿದಾಗ ನಿಂತರು.

ತಿಪಟೂರಿಗೆ ಒಯ್ಯುವ ದಿನ ಮಾವ ತಾವೂ ಹೊರಟರು. ಮಾರುಕಟ್ಟೆ ನೋಡಿ ಬಹಳ ದಿನವಾಯಿತು ಎಂದರು. ಆದರೆ ಮಾರುಕಟ್ಟೆಯ ಕಡೆ ಹೋಗಲೇ ಇಲ್ಲ. ರಾತ್ರಿ ಹತ್ತಿರದ ಬಿಳಿಗೆರೆ ಊರಿನ ನೆಂಟರ ಮನೆಯಲ್ಲಿ ಉಳಿದು, ಮಾರನೆಯ ಬೆಳಿಗ್ಗೆ ಗೂಡು ತಣ್ಣಗಾಗುವ ಹೊತ್ತಿಗೆ ಇಬ್ಬರೂ ಮೋನಿಕಾ ಅವರ ಮನೆಗೆ ಬಂದರು.

ಮುಚ್ಚಳ ತೆಗೆದ ಮೋನಿಕಾ ಒಳಗೆ ಬಗ್ಗಿ ನೋಡಿ, "ಸುನಂದಾ, ಬನ್ನಿ ಇಲ್ಲಿ" ಎಂದರು.

ಎಲ್ಲೂ ಬಾಯಿ ಬಿಟ್ಟಿರಲಿಲ್ಲ. ಹೊರಗಿನ ನಾರು, ಕಪ್ಪು ಚಿಪ್ಪು, ಒಳಗೆ ನಸುಗೆಂಪು ತಾಗಿದ ಬಿಳಿ. ಬೇರುಗಳು ಬೆಂಕಿಯಲ್ಲಿ ಉರಿದುಹೋಗಿ ತಮ್ಮ ದಾರಿಗಳನ್ನು ಮಾತ್ರ ಉಳಿಸಿದ್ದವು. ಬಿಳಿಯ ತುಂಬ ಸಣ್ಣ ಸಣ್ಣ ಗೀರುಗಳು, ಕವಲೊಡೆದು, ಕೂಡಿ, ಮತ್ತೆ ಕವಲೊಡೆದು ಬಟ್ಟಲಿನ ತಳಕ್ಕೆ ಇಳಿದಿದ್ದವು. ಸುನಂದಾ ಅದನ್ನು ಎರಡು ಕೈಯಲ್ಲಿ ಎತ್ತಿ ಒಳಗೆ ಮುಖವಿಟ್ಟರು. ಹೊರಗೆ ಮಾವನೂ ಮೋನಿಕಾನೂ ಏನೋ ಮಾತಾಡುತ್ತಿರುವುದು ಕೇಳಿಸಿತು, ಮಾತು ತಿಳಿಯಲಿಲ್ಲ.

ತಲೆ ಎತ್ತಿದಾಗ ಶಂಭುಲಿಂಗಯ್ಯ ಕೈ ಚಾಚಿದ್ದರು. ಬಟ್ಟಲನ್ನು ಇಸಿದುಕೊಂಡು, ತೋರುಬೆರಳಿನ ತುದಿಯನ್ನು ಒಂದು ಗೀರಿನ ಮೇಲಿಟ್ಟು ಅದು ಹೋದಲ್ಲಿಗೆಲ್ಲ ಹೋದರು.

"ಇನ್ನು ಇವ್ಳಿಗೆ ಮಣ್ಣು ಬೇಕಂದ್ರೆ ಇನ್ನೊಂದ್ ಮರ ಬೀಳೋಗಂಟ ಕಾಯ್ಬೇಕಲ್ಲ ಟೀಚರಮ್ಮ," ಎಂದರು.

"ನಂಗ್ ಬ್ಯಾಡ ಮಾವ," ಎಂದರು ಸುನಂದಾ. "ಮರ ಇರ್ಲಿ."

ಮೋನಿಕಾ ಹಳೆಯ ಪೇಪರು ತಂದರು. ಶಂಭುಲಿಂಗಯ್ಯ ಬೇಡವೆಂದು ಹೆಗಲ ಮೇಲಿನ ಟವೆಲಿನಲ್ಲಿ ಬಟ್ಟಲನ್ನು ಸುತ್ತಿದರು. ಹೊನ್ನಕಟ್ಟೆಯ ಬಸ್ಸಿನಲ್ಲಿ ಅದು ಅವರ ತೊಡೆಯ ಮೇಲಿತ್ತು. ಸುನಂದಾ ಕಿಟಕಿಗೆ ತಲೆಯಿಟ್ಟು ಅರೆನಿದ್ದೆಯಲ್ಲಿದ್ದರು. ಬಸ್ಸು ಏರಿಯ ಮೇಲೆ ಬಂದಾಗ ಕಣ್ಣು ಬಿಟ್ಟರು. ಕೆರೆಗೆ ಹೊಸ ನೀರು ಬಿಟ್ಟಿದ್ದರು. ಇಳಿದ ಗುರುತುಗಳೆಲ್ಲ ಮುಳುಗಿ, ನೀರು ಈ ದಡದಿಂದ ಆ ದಡಕ್ಕೆ ಒಂದೇ ಸಮನೆ ಬೆಳಗುತ್ತಿತ್ತು. ಪಕ್ಕದಲ್ಲಿ ಶಂಭುಲಿಂಗಯ್ಯ ಟವೆಲ್ ಬಿಚ್ಚಿ, ಯಾರೂ ನೋಡುತ್ತಿಲ್ಲವೆಂದುಕೊಂಡು, ಬಟ್ಟಲಿನ ಬಾಯನ್ನು ಮೆಲ್ಲಗೆ ಕೆರೆಯ ಕಡೆಗೆ ತಿರುಗಿಸಿ ಹಿಡಿದಿದ್ದರು.